ಸೊಲ್ಲಾದ ಹಳ್ಳದಲ್ಲಿ ಎರಡು ರಾತ್ರಿ

ಫೆಬ್ರುವರಿ 3, ಸೋಮವಾರ, ಮ್ಯೂನಿಕ್

ಇವತ್ತು ಕೆಲಸಕ್ಕೆ ರಜೆ ಹಾಕಿದ್ದೆ. ಬೆಳಗಿನ ಹೊತ್ತೆಲ್ಲ ಬೈಕಿನ ಅಡಿಭಾಗಕ್ಕೆ ಮೆತ್ತಿಕೊಂಡಿದ್ದ ಉಪ್ಪನ್ನು ತೊಳೆಯುವುದರಲ್ಲೇ ಕಳೆಯಿತು. ರಸ್ತೆಯ ಮಂಜುಗಡ್ಡೆ ಕರಗಲೆಂದು ಇಲ್ಲಿ ಚಳಿಗಾಲವಿಡೀ ಸುರಿಯುವ ಈ ಉಪ್ಪನ್ನು ಒಂದು ವಾರ ಹಾಗೆಯೇ ಬಿಟ್ಟರೂ ಸಾಕು, ಸೈಡ್‌ಕಾರನ್ನು, ಅಂದರೆ ಪಕ್ಕಕ್ಕೆ ಜೋಡಿಸಿದ ಒಂದೇ ಚಕ್ರದ ತೊಟ್ಟಿಲನ್ನು, ಬೈಕಿಗೆ ಬಿಗಿದಿರುವ ನಾಲ್ಕು ಬೋಲ್ಟುಗಳ ಸುತ್ತ ತುಕ್ಕು ಕಾಣಿಸಿಕೊಳ್ಳುತ್ತದೆ. ಸೈಡ್‌ಕಾರಿನ ಮೂತಿಯೊಳಗೆ, ಕಾಲು ಚಾಚುವ ಜಾಗದಲ್ಲಿ, ಎರಡು ಹಿಡಿಯಷ್ಟು ಒದ್ದೆ ಹುಲ್ಲು ಸಿಕ್ಕಿತು. ಅದರಲ್ಲಿ ಇನ್ನೂ ಹೊಗೆಯ ವಾಸನೆಯಿತ್ತು. ಕೈಬೆರಳುಗಳ ತುದಿ ಈಗಲೂ ಸ್ವಲ್ಪ ಜೋಮು ಹಿಡಿದಂತಿದೆ. ಮರೆಯುವ ಮೊದಲು ಎಲ್ಲವನ್ನೂ ಬರೆದಿಡಬೇಕೆಂದು ಕುಳಿತಿದ್ದೇನೆ.

ಶುಕ್ರವಾರದಿಂದ ಭಾನುವಾರದವರೆಗೆ ನಾವಿಬ್ಬರೂ ಬವೇರಿಯಾದ ಕಾಡಿನ ಬೆಟ್ಟಗಳಲ್ಲಿ, ಥುರ್ಮಾನ್ಸ್‌ಬಾಂಗ್ ಎಂಬ ಊರಿಗೆ ಸೇರಿದ ಸೊಲ್ಲಾದಲ್ಲಿ ನಡೆಯುವ ಎಲೆಫಾಂಟನ್‌ಟ್ರೆಫನ್‌ಗೆ ಹೋಗಿದ್ದೆವು. ಎಲೆಫಾಂಟನ್‌ಟ್ರೆಫನ್ ಎಂದರೆ ಆನೆಗಳ ಕೂಟ. ದಸರೆಯ ಜಂಬೂ ಸವಾರಿಯನ್ನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿ ಬೆಳೆದ ನಾನು, ಜರ್ಮನಿಗೆ ಬಂದ ಮೊದಲ ವರ್ಷ ಈ ಹೆಸರು ಕೇಳಿದ ಕೂಡಲೇ ಅದೇನೆಂದು ತಿಳಿಯಲೇಬೇಕೆಂದು ಹಟ ಹಿಡಿದಿದ್ದೆ. 1956ರ ಚಳಿಗಾಲದಲ್ಲಿ ಎರ್ನ್‌ಸ್ಟ್ ಲೆವರ್ಕುಸ್ ಎಂಬ ಮೋಟಾರ್‌ಸೈಕಲ್ ಪತ್ರಕರ್ತರು, ತಮ್ಮಂತೆಯೇ ತ್ಸುಂಡಾಪ್ ಕೆಎಸ್ 601 ಬೈಕಿಗೆ ಸೈಡ್‌ಕಾರ್ ಕಟ್ಟಿಕೊಂಡು ಓಡಾಡುತ್ತಿದ್ದವರನ್ನು ಸ್ಟುಟ್‌ಗಾರ್ಟ್ ಪಕ್ಕದ ಸೊಲಿಟ್ಯೂಡ್‌ಗೆ ಕರೆದರು. 597 ಸಿಸಿಯ, 28 ಅಶ್ವಶಕ್ತಿಯ ಆ ಭಾರಿ ಹಸಿರು ಗಾಡಿಯನ್ನು ಜನ ‘ಹಸಿರು ಆನೆ’ ಎಂದು ಕರೆಯುತ್ತಿದ್ದರು. ಕೂಟದ ಹೆಸರು ಅಲ್ಲಿಂದಲೇ ಬಂತು. 1961ರಿಂದ ಹಲವು ವರ್ಷ ಅದು ನ್ಯೂರ್‌ಬುರ್ಗ್‌ರಿಂಗ್ ಓಟದ ಮೈದಾನದಲ್ಲಿ ನಡೆಯಿತು. 1989ರಿಂದ ಈ ಕಾಡಿನ ಹಳ್ಳವೇ ಅದರ ನೆಲೆ.

ಇದು ಪಂದ್ಯವಲ್ಲ. ಹಿಮದಲ್ಲಿ ಬೈಕು ಓಡಿಸಿಕೊಂಡು ಬರುವುದು, ಹಿಮದ ಮೇಲೆ ಡೇರೆ ಹಾಕಿ ಮಲಗುವುದು, ಮತ್ತೆ ಬೈಕಿನಲ್ಲೇ ಮನೆಗೆ ಮರಳುವುದು, ಇಷ್ಟೇ. ಹೀಗೇಕೆ ಎಂದು ಕೇಳುವವರಿಗೆ ನಾನು ಹೇಳುವ ಕಾರಣ ಒಂದೇ. 1950ರ ದಶಕದಲ್ಲಿ ಕಾರು ಕೊಳ್ಳಲಾಗದ ಇಲ್ಲಿನ ಸಂಸಾರಗಳಿಗೆ ಸೈಡ್‌ಕಾರೇ ಕಾರಾಗಿತ್ತು. ಗಂಡ ಓಡಿಸುತ್ತಿದ್ದ, ಹೆಂಡತಿ ಮಕ್ಕಳು ಪಕ್ಕದ ತೊಟ್ಟಿಲಿನಲ್ಲಿ ಕೂರುತ್ತಿದ್ದರು, ಚಳಿಗಾಲವೆಂದು ಕೆಲಸ ನಿಲ್ಲುತ್ತಿರಲಿಲ್ಲವಾದ್ದರಿಂದ ಗಾಡಿಯೂ ನಿಲ್ಲುತ್ತಿರಲಿಲ್ಲ. ಕಾರು ಅಗ್ಗವಾದ ಮೇಲೆ ಬೈಕು ಬೇಸಗೆಯ ಆಟದ ವಸ್ತುವಾಯಿತು. ವರ್ಷದ ಹನ್ನೆರಡು ತಿಂಗಳೂ ಬೈಕನ್ನು ಬೈಕಾಗಿಯೇ ಬಳಸುವವರು ಇನ್ನೂ ಇದ್ದೇವೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಕೂಟ ಇದು. ವೇಲ್ಸ್‌ನಲ್ಲಿ ಡ್ರ್ಯಾಗನ್ ರ್ಯಾಲಿ, ನಾರ್ವೆಯಲ್ಲಿ ಕ್ರಿಸ್ಟಲ್ ರ್ಯಾಲಿ, ಫ್ರಾನ್ಸ್‌ನಲ್ಲಿ ಮಿಲ್‌ವಾಶ್ ಎಂದು ಇಂಥ ಕೂಟಗಳು ಬೇರೆ ಕಡೆಯೂ ಇವೆ, ಆದರೆ ನನ್ನ ಮನಸ್ಸು ನೆಟ್ಟಿರುವುದು ಸೊಲ್ಲಾದಲ್ಲೇ.

ಶುಕ್ರವಾರ ಬೆಳಗ್ಗೆ ಏಳಕ್ಕೆ ಹೊರಟೆವು. ನನ್ನದು 1980ರ ದಶಕದ ಬಿಎಂಡಬ್ಲ್ಯು ಆರ್ 80. ಅದರ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವುದರಿಂದ ಮೊಣಕಾಲಿನ ಕೆಳಭಾಗಕ್ಕೆ ಒಲೆಯ ಮುಂದೆ ಕುಳಿತಷ್ಟು ಹಿತವಾಗಿರುತ್ತದೆ. ಕೈಗೆ ಆ ಭಾಗ್ಯವಿಲ್ಲ. ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದಾಗ 80 ಕಿ.ಮೀ. ವೇಗದಲ್ಲಿ ಹೋದರೆ, ಬರಿಮೈಗೆ ತಗಲುವ ಚಳಿ ಸೊನ್ನೆಗಿಂತ 17 ಡಿಗ್ರಿ ಕೆಳಗಿನದಕ್ಕೆ ಸಮ. ಅದಕ್ಕಾಗಿ ಹ್ಯಾಂಡಲಿನ ಎರಡೂ ತುದಿಗೆ ತೋಳಿನಂಥ ದಪ್ಪ ಚೀಲ ಕಟ್ಟಿ, ಅದರೊಳಗೆ ಕೈಗವಸು ತೊಟ್ಟ ಕೈ ತೂರಿಸಿ ಓಡಿಸುತ್ತೇನೆ. ನಮ್ಮ ಮನೆಯವರು ಸೈಡ್‌ಕಾರಿನಲ್ಲಿ, ಕತ್ತಿನವರೆಗೆ ಹೊದಿಕೆ ಎಳೆದುಕೊಂಡು, ಹೊಟ್ಟೆಯ ಮೇಲೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಂಡು ಕುಳಿತಿದ್ದರು.

ಸೈಡ್‌ಕಾರಿನಲ್ಲಿ ಕುಳಿತವರನ್ನು ನೋಡಿದವರು, ಪಾಪ, ಆರಾಮವಾಗಿ ಹೋಗುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅದು ಪೂರ್ತಿ ತಪ್ಪು. ಸೈಡ್‌ಕಾರ್ ಕಟ್ಟಿದ ಬೈಕು ತಿರುವಿನಲ್ಲಿ ವಾಲುವುದಿಲ್ಲ, ಹ್ಯಾಂಡಲನ್ನು ತೋಳಿನ ಬಲದಿಂದಲೇ ತಿರುಗಿಸಬೇಕು. ಇಲ್ಲಿ ರಸ್ತೆಯ ಬಲಬದಿಯಲ್ಲಿ ಚಲಿಸುವುದರಿಂದ ಸೈಡ್‌ಕಾರೂ ಬಲಕ್ಕೇ ಇರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಬೈಕು ಮುಂದಕ್ಕೆ ನುಗ್ಗುತ್ತದೆ, ಎಂಜಿನ್ ಇಲ್ಲದ ಸೈಡ್‌ಕಾರು ಹಿಂದೆ ಉಳಿಯುತ್ತದೆ, ಹಾಗಾಗಿ ಇಡೀ ಗಾಡಿ ಬಲಕ್ಕೆ ಎಳೆಯುತ್ತದೆ. ಬಿಟ್ಟರೆ ಅಥವಾ ಬ್ರೇಕ್ ಹಿಡಿದರೆ ಸೈಡ್‌ಕಾರಿನ ತೂಕ ಮುಂದಕ್ಕೆ ತಳ್ಳಿ ಗಾಡಿ ಎಡಕ್ಕೆ ಹೊರಳುತ್ತದೆ. ಒಣ ರಸ್ತೆಯಲ್ಲಿ ಕಾಟ ಕೊಡುವ ಈ ಗುಣವೇ ಹಿಮದಲ್ಲಿ ಕೈಹಿಡಿಯುವುದು: ಮುಂದಿನ ಚಕ್ರಕ್ಕೆ ಹಿಡಿತವೇ ಸಿಗದ ಕಡೆ ಬಲ ತಿರುವನ್ನು ಆಕ್ಸಿಲರೇಟರ್ ಕೊಟ್ಟು, ಎಡ ತಿರುವನ್ನು ಬಿಟ್ಟು ದಾಟಿಸಬಹುದು. ಇದರ ಜೊತೆಗೆ ಬಲ ತಿರುವಿನಲ್ಲಿ ಸೈಡ್‌ಕಾರಿನ ಚಕ್ರ ನೆಲ ಬಿಡದಂತೆ ಕುಳಿತವರು ಹೊರಕ್ಕೆ ಬಾಗಬೇಕು, ಎಡ ತಿರುವಿನಲ್ಲಿ ಬೈಕಿನ ಹಿಂಬದಿಗೆ ಒರಗಬೇಕು. ಒಬ್ಬಳೇ ಹೋಗುವಾಗ ಆ ಜಾಗದಲ್ಲಿ ಮರಳಿನ ಚೀಲ ಇಡುತ್ತೇನೆ. ಆದರೆ ಮರಳಿನ ಚೀಲ ಬಾಗುವುದಿಲ್ಲ.

ಡೆಗ್ಗನ್‌ಡಾರ್ಫ್‌ನಲ್ಲಿ ಡ್ಯಾನ್ಯೂಬ್ ದಾಟುವವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಸೇತುವೆಯ ಮೇಲೆ ಮಾತ್ರ ವೇಗ ಇಳಿಸಿದೆ, ಏಕೆಂದರೆ ಅಡಿಯಿಂದಲೂ ಗಾಳಿ ಬಡಿಯುವುದರಿಂದ ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತದೆ. ಮುಂದೆ ಸಣ್ಣ ರಸ್ತೆ ಸ್ಪ್ರೂಸ್ ಮರಗಳ ನಡುವೆ ಏರತೊಡಗಿತು. ಬಿಸಿಲು ಬೀಳದ ಆ ನೆರಳಿನಲ್ಲಿ, ಏರಿನ ನಟ್ಟನಡುವೆ, ನಾನು ಆಕ್ಸಿಲರೇಟರ್ ಬಿಟ್ಟೆ, ಎಂಜಿನ್ ಬಿಡಲಿಲ್ಲ. ಆಕ್ಸಿಲರೇಟರ್ ಕಾಲು ಭಾಗ ತೆರೆದಿದ್ದಂತೆಯೇ ಕೂಗುತ್ತಲೇ ಇತ್ತು. ಕ್ಲಚ್ ಒತ್ತಿ, ಸ್ವಿಚ್ಚಿನಿಂದ ಎಂಜಿನ್ ಆರಿಸಿ, ಬ್ರೇಕಿನ ಮೇಲೆಯೇ ನಿಲ್ಲಿಸಿದೆ. ಬುಧವಾರ ಗಾಡಿ ತೊಳೆದಾಗ ಆಕ್ಸಿಲರೇಟರ್ ಕೇಬಲಿನೊಳಗೆ ನೀರು ಇಳಿದಿತ್ತು. ಅದನ್ನು ಒಣಗಿಸಿ ಎಣ್ಣೆ ಬಿಡದೆ ಹೊರಟದ್ದು ನನ್ನದೇ ತಪ್ಪು. ಆ ನೀರು ಈಗ ಒಳಗೇ ಗಡ್ಡೆಯಾಗಿತ್ತು.

ನಮ್ಮ ಮನೆಯವರು ಏನೂ ಹೇಳದೆ ಇಳಿದು ಬಂದು, ತಮ್ಮ ಬಿಸಿನೀರಿನ ಚೀಲವನ್ನು ಕೇಬಲಿಗೆ ಸುತ್ತಿ, ಎರಡೂ ಕೈಯಿಂದ ಒತ್ತಿ ಹಿಡಿದರು. ಹತ್ತು ನಿಮಿಷ ಹಾಗೆಯೇ ನಿಂತಿದ್ದರು. ನಾನು ಹಿಡಿಯನ್ನು ಆಗಾಗ ತಿರುಗಿಸಿ ನೋಡುತ್ತಿದ್ದೆ. ಮೊದಲು ಮರಳು ಅರೆದಂಥ ಕರಕರ ಶಬ್ದ ಬಂತು, ಆಮೇಲೆ ಹಿಡಿ ತಾನಾಗಿ ಹಿಂದಕ್ಕೆ ಚಿಮ್ಮಿತು. ಎಣ್ಣೆ ಬಿಟ್ಟು, ಎಂಜಿನ್ ಚಾಲೂ ಮಾಡಿದರೆ ಈಗ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತಿತ್ತು, ಗಾಡಿ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ಮೊಳೆ ಹೊಡೆದ ಟೈರುಗಳನ್ನು ನಾರ್ವೆಯವರು ಹಾಕಿಕೊಳ್ಳುತ್ತಾರೆ, ಜರ್ಮನಿಯ ರಸ್ತೆಗಳಲ್ಲಿ ಅವಕ್ಕೆ ಅನುಮತಿಯಿಲ್ಲ.

“ರೀ, ಹಿಂದಿನ ಸೀಟಿಗೆ ಬನ್ನಿ. ಆದಷ್ಟೂ ಹಿಂದಕ್ಕೆ ಕೂತ್ಕೊಳ್ಳಿ,” ಎಂದೆ.

“ಕೂತಿದೀನಿ. ನೀನು ಕ್ಲಚ್ ನಿಧಾನಕ್ಕೆ ಬಿಡು, ಅವಸರ ಮಾಡ್ಬೇಡ,” ಎಂದರು.

ಅವರ ಎಪ್ಪತ್ತೆಂಟು ಕೆ.ಜಿ. ಹಿಂದಿನ ಚಕ್ರದ ಮೇಲೆ ಬಿದ್ದ ಕೂಡಲೇ ಟೈರು ನೆಲ ಕಚ್ಚಿತು. ಎರಡನೇ ಗೇರಿನಲ್ಲಿ, ಎಂಜಿನ್ ಉಸಿರು ಹಿಡಿದಷ್ಟು ಮೆಲ್ಲಗೆ, ಏರು ಮುಗಿಯುವವರೆಗೆ ಅವರು ಸೀಟಿನ ಹಿಂದಿನ ಕಂಬಿ ಹಿಡಿದು ಕುಳಿತಿದ್ದರು. ಮೇಲೆ ತಲುಪಿ ನೋಡಿದರೆ ಅವರ ಮೀಸೆಯೆಲ್ಲ ಬೆಳ್ಳಗಾಗಿತ್ತು.

ಸೊಲ್ಲಾದ ಹಳ್ಳ ಬಟ್ಟಲಿನಂತೆ ಇದೆ. ಅದಕ್ಕೆ ಮಾಟಗಾತಿಯ ಕೊಪ್ಪರಿಗೆ ಎಂಬ ಅರ್ಥದ ಹೆಸರೂ ಇದೆ. ಇಳಿಜಾರಿನುದ್ದಕ್ಕೂ ಡೇರೆಗಳು, ನೂರಾರು ಬೆಂಕಿಗಳು, ಮೇಲೆ ಕದಲದೆ ನಿಂತ ಹೊಗೆ. ಡೇರೆಯ ಅಡಿಗೆ ಹಾಸಲು ಹುಲ್ಲು ಅಲ್ಲೇ ಮಾರುತ್ತಾರೆ. ಅದನ್ನು ಜಿಪುಣತನ ಮಾಡದೆ ಮೊಣಕಾಲೆತ್ತರಕ್ಕೆ ಹಾಸಬೇಕು, ಏಕೆಂದರೆ ಚಳಿ ಗಾಳಿಯಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಏರುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಬೇಕು: ಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬೆಳಗ್ಗೆ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿದಿರುತ್ತದೆ. ಬೆಂಕಿಯನ್ನಾಗಲಿ ಸ್ಟೌವನ್ನಾಗಲಿ ಎಷ್ಟೇ ನಡುಕವಿದ್ದರೂ ಡೇರೆಯೊಳಗೆ ಒಯ್ಯಬಾರದು. ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಕೊಲ್ಲುತ್ತದೆ. ಮನೆಯಿಂದ ಒಗ್ಗರಣೆ ಹಾಕಿ ಹುರಿದು ತಂದಿದ್ದ ರವೆಗೆ ಕುದಿನೀರು ಬೆರೆಸಿ ಉಪ್ಪಿಟ್ಟು ಮಾಡಿದೆವು. ಪಕ್ಕದ ಬೆಂಕಿಯ ಇಟಲಿಯವರು ಎರಡು ಸಲ ಕೇಳಿ ಹಾಕಿಸಿಕೊಂಡರು.

ಶನಿವಾರ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಶಬ್ದ. ಸುತ್ತಲಿನ ಗುಡುಗಿನಂಥ ಎಂಜಿನ್ನುಗಳ ನಡುವೆ ತೆಳ್ಳಗೆ, ಟಣ್ ಟಣ್ ಎಂದು ಹೊರಟು ನಿಂತುಹೋಗುತ್ತಿತ್ತು. ಟೂ ಸ್ಟ್ರೋಕ್. ಜಾಕೆಟ್ ಏರಿಸಿಕೊಂಡು ಓಡಿದೆ. ಜೆಕ್ ದೇಶದಿಂದ ಬಂದ, ಅಪ್ಪನಷ್ಟೇ ವಯಸ್ಸಿನ ಒಬ್ಬರು ಕೆಂಪು ಜಾವಾ 350ಯ ಪಕ್ಕ ನಿಂತಿದ್ದರು. ಅದಕ್ಕೆ ವೆಲೊರೆಕ್ಸ್ ಸೈಡ್‌ಕಾರ್ ಕಟ್ಟಿತ್ತು. ನನ್ನ ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದವರು. ಜಾವಾ ಎಂಬ ಹೆಸರು 1970ರ ದಶಕದಲ್ಲಿ ಯೆಜ್ಡಿಯಾದ ಮೇಲೂ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ದುಡಿದರು. ಮೈಸೂರಿನ ನಮ್ಮ ಬೀದಿಯ ಬೆಳಗುಗಳೆಲ್ಲ ಈ ಶಬ್ದದಿಂದಲೇ ಶುರುವಾಗುತ್ತಿದ್ದವು.

ಅವರಿಗೆ ಇಂಗ್ಲಿಷ್ ಬಾರದು, ನನ್ನ ಜರ್ಮನ್ ಅವರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಕೈಸನ್ನೆಯಲ್ಲೇ ಚಾಲೂ ಮಾಡಲೇ ಎಂದು ಕೇಳಿದೆ. ಅವರು ಕಿಕ್ಕರ್ ಎಲ್ಲಿದೆಯೆಂದು ತೋರಿಸಲು ಬಗ್ಗುವಷ್ಟರಲ್ಲಿ ನಾನು ಗೇರಿನ ಲಿವರನ್ನು ಬೂಟಿನ ತುದಿಯಿಂದ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ನಿಲ್ಲಿಸಿದ್ದೆ. ಜಾವಾದಲ್ಲಿ ಗೇರೂ ಕಿಕ್ಕರೂ ಒಂದೇ ಲಿವರು. ಕಲಿಯದವರು ಎಷ್ಟು ಹುಡುಕಿದರೂ ಕಿಕ್ಕರ್ ಸಿಗುವುದಿಲ್ಲ. ಅವರು ಬಗ್ಗಿದ್ದವರು ಹಾಗೆಯೇ ತಲೆಯೆತ್ತಿ ನನ್ನ ಮುಖ ನೋಡಿದರು. “ಮೈಸೂರು,” ಎಂದೆ. ಅವರ ಕಣ್ಣು ಅರಳಿದ ಬಗೆ ನೋಡಿದರೆ ಆ ಹೆಸರು ಅವರಿಗೆ ಹೊಸದಾಗಿರಲಿಲ್ಲ. ಮೂರನೇ ಒದೆತಕ್ಕೆ ಎಂಜಿನ್ ಹಿಡಿಯಿತು. ನೀಲಿ ಹೊಗೆ ಹಿಮದ ಮೇಲೆ ಹರಡಿತು, ಮತ್ತು ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಮೊಬೈಲಿನಲ್ಲಿ ಒಂದು ನಿಮಿಷ ಶಬ್ದ ಹಿಡಿದುಕೊಂಡೆ.

ಅಂದು ರಾತ್ರಿ ಪಂಜಿನ ಮೆರವಣಿಗೆಯಾಯಿತು. ಹೋದ ವರ್ಷಗಳಲ್ಲಿ ತೀರಿಕೊಂಡ ಸವಾರರನ್ನು ನೆನೆದು ಎಲ್ಲರೂ ಮೌನವಾಗಿ ನಿಂತೆವು. ಅಷ್ಟು ಗದ್ದಲದ ಹಳ್ಳ ಅಷ್ಟು ನಿಶ್ಶಬ್ದವಾದದ್ದು ಕೇಳಿ ಮೈ ಜುಮ್ಮೆಂದಿತು. ಭಾನುವಾರ ಬಿಸಿಲಿತ್ತು, ರಸ್ತೆ ಒಣಗಿತ್ತು, ಸಂಜೆಗೆ ಮನೆ ಸೇರಿದೆವು.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ, ಅಲ್ಲಿ ಸಂಜೆ ಐದೂವರೆ, ಅಪ್ಪನಿಗೆ ಆ ಶಬ್ದ ಕಳಿಸಿ ಫೋನ್ ಮಾಡಿದೆ. ಹಿಮ, ಡೇರೆ, ಚಳಿ ಯಾವುದರ ಬಗ್ಗೆಯೂ ಅವರು ಕೇಳಲಿಲ್ಲ. “ತಾಳು ಮಗಳೇ,” ಎಂದು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ಎರಡು ಸಲ ಕೇಳಿದರು.

“ಎಂಜಿನ್ ಚೆನ್ನಾಗಿದೆ. ಒಂದು ಸಿಲಿಂಡರ್ ಮಾತ್ರ ತಡವರಿಸ್ತಾ ಇದೆ, ಕಿಡಿ ಹೊತ್ತಿಸೋ ಪಾಯಿಂಟಿನ ಗ್ಯಾಪ್ ಜಾಸ್ತಿಯಾಗಿರಬೇಕು. ಎಷ್ಟು ದೂರದಿಂದ ಬಂದಿದ್ರು ಅವ್ರು?”

“ಗಡಿಯಾಚೆಯಿಂದ ಅಪ್ಪ. ಮತ್ತೆ ಅದರಲ್ಲೇ ವಾಪಸ್ ಹೋದ್ರು.”

“ಹಾಗಾದ್ರೆ ಹೇಳಬೇಕಿತ್ತಲ್ಲ ನೀನು. ಪಾಯಿಂಟ್ ಸರಿ ಮಾಡೋಕೆ ಐದು ನಿಮಿಷದ ಕೆಲಸ,” ಎಂದು ಅಪ್ಪ ನಿಜವಾಗಿಯೂ ಬೇಸರ ಮಾಡಿಕೊಂಡರು. ಮುಂದಿನ ವರ್ಷ ಆ ಜಾವಾದವರು ಬಂದರೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಪಾಯಿಂಟ್ ಗ್ಯಾಪ್ ಅಳೆಯುವ ಫೀಲರ್ ಗೇಜನ್ನು ಈಗಲೇ ಸೈಡ್‌ಕಾರಿನ ಟೂಲ್ ಚೀಲಕ್ಕೆ ಹಾಕಿಟ್ಟು ಬಂದೆ.