ರಕ್ತವಾಂತಿ, ಸಿಎಂಇ ಮತ್ತು ನಾವು ಬಿಡಲೊಲ್ಲದ ಅಭ್ಯಾಸಗಳು

ವೈದ್ಯರಾದವರು ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳನ್ನಾದರೂ ನಿರಂತರ ವೈದ್ಯಕೀಯ ಶಿಕ್ಷಣಕ್ಕೆ, ಅಂದರೆ ನಾವೆಲ್ಲರೂ ಸಿಎಂಇ ಎಂದೇ ಕರೆಯುವ ಕಾರ್ಯಕ್ರಮಗಳಿಗೆ, ಮೀಸಲಿಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆ ಹೇಳಿತು. ಭಾನುವಾರದ ಬೆಳಿಗ್ಗೆ ಯಾವುದಾದರೊಂದು ಹೋಟೆಲಿನ ಸಭಾಂಗಣದಲ್ಲಿ ಸಹಿ ಹಾಕಿ, ಉಪ್ಪಿಟ್ಟು ಕೇಸರಿಬಾತ್ ಮುಗಿಸಿ, ನಾಲ್ಕು ಉಪನ್ಯಾಸ ಕೇಳಿ, ಊಟದ ಹೊತ್ತಿಗೆ ಪ್ರಮಾಣಪತ್ರದೊಂದಿಗೆ ಹೊರಬೀಳುವುದು ಇದರ ರೂಢಿಯ ಸ್ವರೂಪ. ಈ ಗಂಟೆಗಳಲ್ಲಿ ಕೂಡಿಸುವುದನ್ನು ಮಾತ್ರ ಕಲಿಸುತ್ತಾರೆ, ಕಳೆಯುವುದನ್ನು ಯಾರೂ ಕಲಿಸುವುದಿಲ್ಲ ಎಂಬುದು ನನ್ನ ಬಹುದಿನಗಳ ಆಕ್ಷೇಪ. ಜಠರ, ಕರುಳು, ಲಿವರ್‌ಗಳ ಕಾಯಿಲೆ ನೋಡುವ ಗ್ಯಾಸ್ಟ್ರೋಎಂಟರಾಲಜಿಯಲ್ಲಂತೂ ಇದು ಎದ್ದು ಕಾಣುತ್ತದೆ, ಏಕೆಂದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಶಾಖೆಯಲ್ಲಿ ನಡೆದ ಹಲವು ಮಹತ್ವದ ಅಧ್ಯಯನಗಳು ನಮಗೆ ಹೇಳಿರುವುದು ಕಡಿಮೆ ಮಾಡಿ ಎಂದೇ.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ರಕ್ತವಾಂತಿಯ ರೋಗಿಗಳು ಹೊಸಬರಲ್ಲ. ಕುಡಿತದಿಂದ ಲಿವರ್ ಗಟ್ಟಿಯಾಗಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದವರು, ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗಿ ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡವರು, ಹೀಗೆ. ಅವರೊಂದಿಗೆ ತಾಲ್ಲೂಕಿನ ಯಾವುದೋ ಆಸ್ಪತ್ರೆಯಿಂದ ಒಂದು ರೆಫರಲ್ ಚೀಟಿ ಬರುತ್ತದೆ. ಹೆಸರುಗಳನ್ನು ಬಿಟ್ಟು ನೋಡಿದರೆ ಚೀಟಿಗಳಲ್ಲಿರುವ ಸಂಗತಿ ಹೆಚ್ಚುಕಡಿಮೆ ಒಂದೇ: ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 80 ಮಿಲಿಗ್ರಾಂ ಕೊಡಲಾಗಿದೆ, ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಕೊಡಲಾಗಿದೆ, ವಿಟಮಿನ್ ಕೆ ಕೊಡಲಾಗಿದೆ, ಮೂಗಿನಿಂದ ಹೊಟ್ಟೆಗಿಳಿಸುವ ರೈಲ್ಸ್ ಟ್ಯೂಬ್ ಹಾಕಿ ತಣ್ಣೀರಿನಲ್ಲಿ ಹೊಟ್ಟೆ ತೊಳೆಯಲಾಗಿದೆ, ಹಿಮೋಗ್ಲೋಬಿನ್ 8.2 ಇದ್ದುದರಿಂದ ಎರಡು ಬಾಟಲಿ ರಕ್ತ ಹಾಕಲಾಗಿದೆ. ಬರೆದವರ ಶ್ರದ್ಧೆಯನ್ನು ನಾನು ಸಂದೇಹಿಸುವುದಿಲ್ಲ. ನಡುರಾತ್ರಿಯಲ್ಲಿ ಒಬ್ಬರೇ ನಿಂತು ಇಷ್ಟೆಲ್ಲ ಮಾಡಿದ್ದಾರೆ. ಆದರೆ ಈ ಪಟ್ಟಿಯ ಬಹುಪಾಲು ರೋಗಿಗೆ ಉಪಕಾರ ಮಾಡದೆ ಹೋಗಿರಬಹುದು, ಒಂದೆರಡು ಅಪಕಾರವನ್ನೂ ಮಾಡಿರಬಹುದು.

ಮೊದಲು ರಕ್ತದ ವಿಚಾರ. ಬಾರ್ಸಿಲೋನಾದ ಸಾಂತ್ ಪಾವ್ ಆಸ್ಪತ್ರೆಯಲ್ಲಿ ವಿಯಾನುಯೆವಾ ಮತ್ತು ಸಂಗಡಿಗರು 921 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ, ಇನ್ನೊಂದಕ್ಕೆ 9ಕ್ಕಿಂತ ಕೆಳಗಿಳಿದ ಕೂಡಲೇ ರಕ್ತ ಕೊಟ್ಟು ನೋಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆರು ವಾರಗಳ ನಂತರ ಮೊದಲ ಗುಂಪಿನಲ್ಲಿ ಬದುಕುಳಿದವರು ಶೇ. 95, ಧಾರಾಳವಾಗಿ ರಕ್ತ ಪಡೆದ ಗುಂಪಿನಲ್ಲಿ ಶೇ. 91. ಮತ್ತೆ ರಕ್ತಸ್ರಾವವಾದವರ ಪ್ರಮಾಣವೂ ಮೊದಲ ಗುಂಪಿನಲ್ಲಿ ಶೇ. 10 ಇದ್ದರೆ ಎರಡನೆಯದರಲ್ಲಿ ಶೇ. 16 ಇತ್ತು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ಗುಂಪಿನ ಅರ್ಧದಷ್ಟು ಜನರಿಗೆ ಒಂದು ಬಾಟಲಿ ರಕ್ತವೂ ಬೇಕಾಗಲಿಲ್ಲ.

ಇದರ ಹಿಂದಿನ ಕಾರಣವನ್ನು ಒಮ್ಮೆ ಮನಗಂಡವರು ಮರೆಯಲಾರರು. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಇರುವವರಲ್ಲಿ ಲಿವರಿನೊಳಕ್ಕೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯ ಒತ್ತಡ ಮೊದಲೇ ಏರಿರುತ್ತದೆ, ಅನ್ನನಾಳದ ನಾಳಗಳು ಉಬ್ಬುವುದೇ ಈ ಒತ್ತಡದಿಂದ. ರಕ್ತ ಸೋರಿದಾಗ ಒತ್ತಡ ತಾನಾಗಿ ತುಸು ಇಳಿಯುತ್ತದೆ; ನಾವು ಅವಸರದಲ್ಲಿ ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ಅದು ಮತ್ತೆ ಏರಿ, ಆಗಷ್ಟೇ ಹೆಪ್ಪುಗಟ್ಟಿದ ಬಾಯಿ ತೆರೆದುಕೊಳ್ಳುತ್ತದೆ. ಧಾರಾಳವಾಗಿ ರಕ್ತ ಪಡೆದವರಲ್ಲಿ ಪೋರ್ಟಲ್ ಒತ್ತಡ ಏರಿದ್ದನ್ನು ಬಾರ್ಸಿಲೋನಾ ತಂಡ ಅಳತೆ ಮಾಡಿಯೇ ತೋರಿಸಿತು. ರಕ್ತ ಧಾರಾಕಾರವಾಗಿ ಹರಿದು ಪ್ರಾಣಾಪಾಯದಲ್ಲಿದ್ದವರನ್ನು ಅವರು ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ, ಹೃದ್ರೋಗ ಉಳ್ಳವರಿಗೆ ಮಿತಿಯನ್ನು 8ರ ಆಸುಪಾಸಿನಲ್ಲಿ ಇಡುವುದು ಕ್ಷೇಮವೆಂಬುದನ್ನೂ ಹೇಳದೆ ಈ ಪಾಠ ಪೂರ್ತಿಯಾಗದು. ಹಾಗಿದ್ದರೂ ರಕ್ತನಿಧಿಯಲ್ಲಿ ಸದಾ ಕೊರತೆಯಿರುವ, ರೋಗಿಯ ಕಡೆಯವರು ದಾನಿಗಳನ್ನು ಹುಡುಕುತ್ತಾ ಅಲೆಯುವ ನಮ್ಮ ಊರುಗಳಿಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಮತ್ತೊಂದಿರಲಿಕ್ಕಿಲ್ಲ.

ಟ್ರಾನೆಕ್ಸಾಮಿಕ್ ಆಮ್ಲದ ಕಥೆ ಇನ್ನಷ್ಟು ಬೋಧಪ್ರದವಾಗಿದೆ. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಈ ಅಗ್ಗದ ಔಷಧವು ಅಪಘಾತದ ಗಾಯಾಳುಗಳ ಪ್ರಾಣ ಉಳಿಸುತ್ತದೆಂದು 2010ರಲ್ಲಿ ಕ್ರ್ಯಾಶ್-2 ಅಧ್ಯಯನ ತೋರಿಸಿತು. ಬಾಣಂತಿಯರ ರಕ್ತಸ್ರಾವದ ಸಾವನ್ನೂ ತಗ್ಗಿಸುತ್ತದೆಂದು 2017ರಲ್ಲಿ ವುಮನ್ ಅಧ್ಯಯನ ತೋರಿಸಿತು. ಹಾಗಾದರೆ ಹೊಟ್ಟೆಯ ರಕ್ತಸ್ರಾವಕ್ಕೂ ಆಗಲೇಬೇಕಲ್ಲ ಎಂಬ ತರ್ಕ ಸಹಜವಾಗಿಯೇ ಇತ್ತು, ಹಳೆಯ ಸಣ್ಣಪುಟ್ಟ ಪ್ರಯೋಗಗಳನ್ನು ಕೂಡಿಸಿ ನೋಡಿದಾಗಲೂ ಹಾಗೆಯೇ ಕಾಣುತ್ತಿತ್ತು. ಆದರೆ 15 ದೇಶಗಳ 12,009 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಅಧ್ಯಯನದಲ್ಲಿ, ಔಷಧ ಪಡೆದವರಲ್ಲೂ ಪಡೆಯದವರಲ್ಲೂ ರಕ್ತಸ್ರಾವದಿಂದ ಸತ್ತವರು ಶೇ. 4ರಷ್ಟೇ ಇದ್ದರು. ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಮಾತ್ರ ಔಷಧ ಪಡೆದವರಲ್ಲಿ ಶೇ. 0.8, ಪಡೆಯದವರಲ್ಲಿ ಶೇ. 0.4. ಈ ಫಲಿತಾಂಶ ಬಂದು ವರ್ಷಗಳೇ ಕಳೆದರೂ ನಮ್ಮ ಕ್ಯಾಶುಯಲ್ಟಿಯ ಟ್ರೇಯಲ್ಲಿ ಆ ಆಂಪೂಲು ತನ್ನ ಜಾಗ ಬಿಟ್ಟು ಕದಲಿಲ್ಲ.

ಬಾಯಿಯ ಮೂಲಕ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಯನ್ನು ಎಷ್ಟು ಬೇಗ ಮಾಡಬೇಕೆಂಬ ಪ್ರಶ್ನೆಗೂ 2020ರಲ್ಲೇ ಹಾಂಕಾಂಗಿನಿಂದ ಉತ್ತರ ಬಂದಿತು. ತೀವ್ರ ಅಪಾಯದ ಅಂಕಗಳಿದ್ದ 516 ರೋಗಿಗಳಲ್ಲಿ ಕೆಲವರಿಗೆ ಗ್ಯಾಸ್ಟ್ರೋಎಂಟರಾಲಜಿ ತಜ್ಞರ ಸಲಹೆ ಸಿಕ್ಕ ಆರು ಗಂಟೆಗಳೊಳಗೆ, ಉಳಿದವರಿಗೆ 6ರಿಂದ 24 ಗಂಟೆಗಳ ನಡುವೆ ಎಂಡೋಸ್ಕೋಪಿ ಮಾಡಿದರು. ಮೂವತ್ತು ದಿನಗಳಲ್ಲಿ ಸತ್ತವರು ಕ್ರಮವಾಗಿ ಶೇ. 8.9 ಮತ್ತು ಶೇ. 6.6. ಈ ಅಂತರವನ್ನು ಕಾಕತಾಳೀಯವೆಂದೇ ಎಣಿಸಬೇಕು, ಆದರೆ ಅವಸರದಿಂದ ಲಾಭವಿಲ್ಲವೆಂಬುದು ಖಚಿತ. ಇದರ ಅರ್ಥ ನಮ್ಮ ಭೂಗೋಳದಲ್ಲಿ ಬೇರೆಯೇ ಆಗಿ ಕಾಣುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನಷ್ಟು ದಾರಿ. ಘಟ್ಟದ ಮೇಲಿನ ಎಷ್ಟೋ ಊರುಗಳ ಪಾಡು ಇದಕ್ಕಿಂತ ಕಷ್ಟದ್ದು. ರಕ್ತದೊತ್ತಡ ನೆಲಕಚ್ಚಿದ ರೋಗಿಯನ್ನು ಗಾಬರಿಯಲ್ಲಿ ಆಂಬುಲೆನ್ಸಿಗೆ ಏರಿಸುವ ಬದಲು, ಇರುವಲ್ಲೇ ಸ್ಥಿರಗೊಳಿಸಿ ಕಳುಹಿಸಲು ತಾಲ್ಲೂಕು ವೈದ್ಯರಿಗೆ ಈ ಅಧ್ಯಯನ ಧೈರ್ಯ ಕೊಡುತ್ತದೆ. ಲಿವರ್ ಕಾಯಿಲೆಯ ರಕ್ತಸ್ರಾವಕ್ಕೆ 12 ಗಂಟೆಗಳ ಮಿತಿಯಿದೆ ಎಂಬುದನ್ನು ಮಾತ್ರ ಮರೆಯಬಾರದು. ಎಷ್ಟು ಪ್ರಯತ್ನಿಸಿದರೂ ಸ್ಥಿರಗೊಳ್ಳದವರ ಮಾತು ಬೇರೆ; ಅವರನ್ನು ಹಾಂಕಾಂಗಿನವರೂ ಅಧ್ಯಯನದಿಂದ ಹೊರಗಿಟ್ಟಿದ್ದರು.

ಇಷ್ಟೆಲ್ಲ ಬೇಡಗಳ ನಡುವೆ ಬೇಕಾದದ್ದೊಂದು ಚೀಟಿಯಲ್ಲಿ ಇರುವುದಿಲ್ಲ. ಸಿರೋಸಿಸ್ ರೋಗಿಗೆ ರಕ್ತವಾಂತಿಯಾದಾಗ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ 1 ಗ್ರಾಂ ಕೊಟ್ಟರೆ ಸೋಂಕೂ ಸಾವೂ ಕಡಿಮೆಯಾಗುತ್ತವೆ. ಇದು ಹೊಸ ಔಷಧವಲ್ಲ, ದುಬಾರಿಯೂ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲೂ ಸಿಗುವಂಥದ್ದು. ಸಿಗುವ ಕಡೆಗಳಲ್ಲಿ ಪೋರ್ಟಲ್ ಒತ್ತಡ ತಗ್ಗಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಅನ್ನು ಎಂಡೋಸ್ಕೋಪಿಗೆ ಕಾಯದೆ ಆರಂಭಿಸಬಹುದು. ಪೋರ್ಟಲ್ ಒತ್ತಡದ ತಜ್ಞರು ಇಟಲಿಯ ಬವೇನೊ ಊರಿನ ಹೆಸರಿನಲ್ಲಿ ಸೇರಿ 2022ರಲ್ಲಿ ಪ್ರಕಟಿಸಿದ ಏಳನೆಯ ಒಮ್ಮತದ ವರದಿ ಇವನ್ನೆಲ್ಲ ಹೇಳುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಬೇಡವೆಂದೂ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಏರಿದೆಯೆಂದು ಪ್ಲಾಸ್ಮಾ ಸುರಿಯಬೇಡಿರೆಂದೂ ಅದೇ ವರದಿಯಲ್ಲಿದೆ.

ಮೇದೋಜ್ಜೀರಕ ಗ್ರಂಥಿಯ ಉರಿಯೂತದಲ್ಲೂ ಇದೇ ದಿಕ್ಕು. ಪ್ಯಾಂಕ್ರಿಯಾಟೈಟಿಸ್ ಎಂದೊಡನೆ ಬಾಟಲಿಗಟ್ಟಲೆ ದ್ರವ ಹರಿಸಬೇಕೆಂದು ನಾವು ಕಲಿತಿದ್ದೆವು. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಅಧ್ಯಯನವನ್ನು, ಹೆಚ್ಚು ದ್ರವ ಪಡೆದವರಲ್ಲಿ ಶೇ. 20.5ರಷ್ಟು ಜನರಿಗೆ ದ್ರವದ ಹೊರೆಯ ತೊಂದರೆ ಕಂಡು, ಮಿತವಾಗಿ ಪಡೆದವರಲ್ಲಿ ಅದು ಶೇ. 6.3 ಮಾತ್ರ ಇದ್ದುದರಿಂದ, 249 ರೋಗಿಗಳಿಗೇ ನಿಲ್ಲಿಸಬೇಕಾಯಿತು.

ಇವು ಗುಟ್ಟಿನ ಸಂಗತಿಗಳಲ್ಲ, ಎಲ್ಲವೂ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದಂಥವು. ಆದರೂ ತಾಲ್ಲೂಕಿಗೆ ತಲುಪುವುದಿಲ್ಲ. ಒಂದು ಕಾರಣ ತೀರಾ ಸರಳ: ಹೊಸ ಔಷಧಕ್ಕೆ ಕಂಪನಿಯ ಪ್ರತಿನಿಧಿಯಿದ್ದಾನೆ, ಕೊಡದಿರುವುದಕ್ಕೆ ಯಾವ ಪ್ರತಿನಿಧಿಯೂ ಇಲ್ಲ. ಆಮ್ಲ ತಗ್ಗಿಸುವ ಹೊಸ ಮಾತ್ರೆ ವೊನೊಪ್ರಜಾನ್ ಮಾರುಕಟ್ಟೆಗೆ ಬಂದದ್ದೇ ತಡ, ಅದರ ಕುರಿತ ಉಪನ್ಯಾಸಗಳಿಗೆ ಬರವಿರಲಿಲ್ಲ. ಒಳ್ಳೆಯ ಔಷಧವೇ, ಅನ್ನನಾಳದ ತೀವ್ರ ಹುಣ್ಣುಗಳನ್ನು ಹಳೆಯ ಮಾತ್ರೆಗಿಂತ ಬೇಗ ವಾಸಿ ಮಾಡುತ್ತದೆ, ತಕರಾರು ಅದರ ಬಗ್ಗೆ ಅಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಔಷಧ ಮಾರಾಟದ ಸಂಹಿತೆ ಕಂಪನಿಗಳ ಇಂಥ ಪ್ರಾಯೋಜಕತ್ವಕ್ಕೆ ಒಂದಿಷ್ಟು ಅಂಕೆ ಹಾಕಿದೆ, ಆದರೆ ಯಾವ ವಿಷಯ ಆರಿಸಬೇಕೆಂಬುದು ಕೊನೆಗೂ ಸಂಘಟಕರ ವಿವೇಕಕ್ಕೇ ಬಿಟ್ಟದ್ದು.

ಎರಡನೆಯ ಕಾರಣ ಉಪನ್ಯಾಸವೆಂಬ ರೂಪದಲ್ಲಿಯೇ ಇದೆ. ಬರೀ ಭಾಷಣ ಕೇಳಿಸುವುದರಿಂದ ವೈದ್ಯರ ನಡವಳಿಕೆ ಬದಲಾಗುವುದಿಲ್ಲ, ಕಲಿಯುವವರು ತಾವೇ ಪಾಲ್ಗೊಳ್ಳುವ ಬೈಠಕ್ಕುಗಳಿಂದ ಬದಲಾಗಬಲ್ಲದು ಎಂದು ಡೇವಿಸ್ ಮತ್ತು ಸಂಗಡಿಗರು 1999ರಷ್ಟು ಹಿಂದೆಯೇ ಪ್ರಯೋಗಗಳನ್ನು ಪರಾಮರ್ಶಿಸಿ ಬರೆದಿದ್ದರು. ನಾವಿನ್ನೂ ಸ್ಲೈಡುಗಳನ್ನೇ ನಂಬಿಕೊಂಡಿದ್ದೇವೆ.

ಮೂರನೆಯ ಕಾರಣವನ್ನು ನನಗೆ ಮನಗಾಣಿಸಿದವರು ಸಭೆಯೊಂದರಲ್ಲಿ ಹಿಂದಿನ ಸಾಲಿನಿಂದ ಎದ್ದುನಿಂತ ಹಿರಿಯ ವೈದ್ಯರೊಬ್ಬರು. "ನೀವು ಹೇಳೋದೆಲ್ಲ ಸರಿ ಡಾಕ್ಟ್ರೇ, ಆದರೆ ಮನೆಯವರು ಹತ್ತು ಜನ ಸುತ್ತ ನಿಂತಿರುವಾಗ ನಾನು ಏನೂ ಚುಚ್ಚದೆ ಕೂತರೆ ನಾಳೆ ಬೆಳಿಗ್ಗೆ ನನ್ನ ಆಸ್ಪತ್ರೆಯ ಗಾಜು ಉಳಿಯುತ್ತದೆಯೇ?" ಸಭೆ ನಕ್ಕಿತು, ಅವರು ನಗಲಿಲ್ಲ. ಈ ಪ್ರಶ್ನೆಗೆ ಯಾವ ಅಧ್ಯಯನದಲ್ಲೂ ಉತ್ತರವಿಲ್ಲ. ನಾನು ಅಂದು ಹೇಳಿದ್ದಿಷ್ಟೆ: "ಸರ್, ಏನೂ ಮಾಡದೆ ಕೂರಿ ಅಂತಲ್ಲ. ಎರಡು ದಪ್ಪ ಕ್ಯಾನುಲಾ ಹಾಕಿ, ಸೆಫ್ಟ್ರಿಯಾಕ್ಸೋನ್ ಕೊಡಿ, ನಾಡಿ ಮತ್ತು ರಕ್ತದೊತ್ತಡವನ್ನು ಕಾಲು ಗಂಟೆಗೊಮ್ಮೆ ನೋಡಿ ಮನೆಯವರ ಎದುರೇ ಬರೆಯಿರಿ, ರಕ್ತ ಯಾಕೆ ಈಗಲೇ ಬೇಡ ಅನ್ನೋದನ್ನು ಅವರಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೇಳಿ." ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದಂತೇನೂ ಕಾಣಲಿಲ್ಲ. ಪೂರ್ತಿ ಒಪ್ಪಬೇಕಾಗಿಯೂ ಇಲ್ಲ, ಏಕೆಂದರೆ ಹೊಡೆತ ತಿನ್ನುವ ಭಯ ಕಲ್ಪನೆಯದಲ್ಲ.

ಅಲ್ಲಿಂದೀಚೆಗೆ ನಮ್ಮ ಊರಿನ ವೈದ್ಯರ ಸಂಘದಲ್ಲಿ ನಾನೊಂದು ಸಲಹೆ ಮುಂದಿಟ್ಟಿದ್ದೇನೆ. ಮುಂದಿನ ಸಿಎಂಇಯಲ್ಲಿ ಒಂದು ಗಂಟೆಯನ್ನು ಉಪನ್ಯಾಸವಿಲ್ಲದೆ ಬಿಡಬೇಕು. ಬರುವವರು ತಾವು ಬರೆದ ರಕ್ತವಾಂತಿಯ ರೆಫರಲ್ ಚೀಟಿಯೊಂದನ್ನು, ರೋಗಿಯ ಹೆಸರು ಅಳಿಸಿ, ತರಬೇಕು. ಐದಾರು ಜನರ ಗುಂಪುಗಳಲ್ಲಿ ಕುಳಿತು ಅದರಲ್ಲಿ ಯಾವುದನ್ನು ಹೊಡೆದುಹಾಕಬೇಕು, ಯಾವುದನ್ನು ಸೇರಿಸಬೇಕು ಎಂದು ತಾವೇ ತೀರ್ಮಾನಿಸಬೇಕು. ಈ ಗಂಟೆಗೆ ಕ್ರೆಡಿಟ್ ಸಿಗುತ್ತದೆಯೇ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ, ವಿಚಾರಿಸಿ ಹೇಳುತ್ತೇನೆಂದಿದ್ದೇನೆ.