ಎಚ್‌ಪಿ ಬಿಡಿ, ಸಾವಿರ ಲೀಟರಿಗೆ ಎಷ್ಟು ಯೂನಿಟ್ ಅಂತ ನೋಡಿ

ಮಂಡ್ಯ, ಮೈಸೂರು ಸುತ್ತ ಹಣ್ಣಿನ ತೋಟಗಳಲ್ಲಿ ಪಂಪ್, ಡ್ರಿಪ್ ಕೆಲಸಕ್ಕೆ ಹೋದರೆ ಮೊದಲು ಸಿಗೋ ಮಾಹಿತಿ ‘ನಮ್ದು ಐದು ಎಚ್‌ಪಿ’. 10 ಎಚ್‌ಪಿವರೆಗೆ ಕರೆಂಟ್ ಉಚಿತ, ಎಷ್ಟೋ ಕಡೆ ಮೀಟರೂ ಇಲ್ಲ, ಹಾಗಾಗಿ ಪೋಲಾಗೋದು ಕಣ್ಣಿಗೆ ಬೀಳೋದಿಲ್ಲ. ಆದರೆ ಬೋರ್ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಸಿಗೋದೇ ಕೆಲವು ತಾಸು.

ಅಳೆಯೋದು ಸುಲಭ. ಗೇಟ್‌ವಾಲ್ವ್ ಹಿಸುಕಿ ಒತ್ತಡದ ಗೇಜ್ 1.5 ಕೆಜಿ (ಚದರ ಸೆಂಟಿಮೀಟರಿಗೆ) ತೋರಿಸುವಂತೆ ಇಡಿ, 200 ಲೀಟರ್ ಡ್ರಮ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ನೋಡಿ. 100 ಸೆಕೆಂಡ್ ಆದರೆ ಗಂಟೆಗೆ 7,200 ಲೀಟರ್. ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯೋ ಮೀಟರ್) 9 ಆಂಪ್ ತೋರಿಸಿ, ವೋಲ್ಟೇಜ್ 400 ಇದ್ದು, ಪವರ್ ಫ್ಯಾಕ್ಟರ್ 0.8 ಅಂತ ಹಿಡಿದರೆ ಸುಮಾರು 5 ಕಿಲೋವ್ಯಾಟ್. ಅಂದರೆ ಸಾವಿರ ಲೀಟರಿಗೆ 0.69 ಯೂನಿಟ್. ನೀರಿನ ಮಟ್ಟ 85 ಮೀಟರ್ ಆಳ (ಪಂಪ್ ಓಡುವಾಗಿನದು, ನಿಂತಾಗಿನದಲ್ಲ), ಒತ್ತಡದ್ದು 15 (1 ಕೆಜಿ ಅಂದರೆ 10 ಮೀಟರ್ ಎತ್ತಿದಷ್ಟು), ಒಟ್ಟು 100 ಮೀಟರ್. ಸಾವಿರ ಲೀಟರನ್ನು ಅಷ್ಟು ಎತ್ತೋಕೆ ನಿಜಕ್ಕೂ ಬೇಕಾದ್ದು 0.27 ಯೂನಿಟ್. ಅಂದರೆ ದಕ್ಷತೆ ಶೇ 40ರ ಆಸುಪಾಸು, ಬೋರ್‌ಗೆ ಪರವಾಗಿಲ್ಲ. ಶೇ 30ಕ್ಕಿಂತ ಕೆಳಗಿಳಿದರೆ ಮರಳಿಗೆ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಸವೆದಿರಬಹುದು, ಇಲ್ಲವೇ ಒಳಗಿನ ಪೈಪ್ ಸೋರ್ತಿರಬಹುದು. ಪಂಪ್ ಓಡುವಾಗ ಕೇಸಿಂಗ್ ಬಾಯಿಗೆ ಕಿವಿಗೊಡಿ, ನೀರು ಸುರಿಯೋ ಸದ್ದು ಕೇಳಿದರೆ ಅದು ಪೈಪಿನ ಸೋರಿಕೆ ಇರಬಹುದು.

ಅತಿ ಹೆಚ್ಚು ಪೋಲಾಗೋದು ಸಣ್ಣ ತೋಟದಲ್ಲೇ. 30 ಅಡಿ ಅಂತರದ ಒಂದೆಕರೆ ಸಪೋಟದಲ್ಲಿ 48 ಮರ. ಮರಕ್ಕೆ 8 ಲೀಟರಿನ ನಾಲ್ಕು ಡ್ರಿಪ್ಪರ್ ಅಂದರೂ ಗಂಟೆಗೆ 1,536 ಲೀಟರ್ ಸಾಕು. ಪಂಪ್ ಕೊಡೋ 7,200ರಲ್ಲಿ ಉಳಿದ ಐದೂವರೆ ಸಾವಿರ ಲೀಟರ್ ಬೈಪಾಸ್ ಪೈಪಿನಲ್ಲಿ ಬೋರ್‌ಗೇ ವಾಪಸ್ ಹೋಗುತ್ತೆ, ಅದನ್ನೂ ನೂರು ಮೀಟರ್ ಎತ್ತಿದ್ದೇವೆ! ಬೋರ್ ನೀರನ್ನು ತೊಟ್ಟಿಗೆ ತುಂಬಿಸಿ, ಅಲ್ಲಿಂದ 1 ಎಚ್‌ಪಿ ಮಾನೋಬ್ಲಾಕ್‌ನಲ್ಲಿ (ನೆಲದ ಮೇಲಿಡೋ ಸಣ್ಣ ಪಂಪ್) ಡ್ರಿಪ್ ನಡೆಸೋದೇ ಸರಿ. ರಾತ್ರಿ ಕರೆಂಟ್ ಬಂದರೂ ಆಗ ತೊಂದರೆಯಿಲ್ಲ.

ಶ್ರೀರಂಗಪಟ್ಟಣ, ಮದ್ದೂರಿನ ನಾಲೆ ಬದಿಯಲ್ಲಿ ಉಲ್ಟಾ ಕಷ್ಟ. ನೀರು ಹತ್ತು ಮೀಟರಿನಲ್ಲೇ ಸಿಗೋ ಕಡೆ ನಾಗಮಂಗಲದ ಆಳದ ಬೋರ್‌ಗೆ ಹೊಂದೋ ಹೆಚ್ಚು ಸ್ಟೇಜಿನ (ಒಂದರ ಮೇಲೊಂದು ಹೆಚ್ಚು ಇಂಪೆಲ್ಲರ್ ಇರೋ) ಪಂಪ್ ಇಳಿಸ್ತಾರೆ. ಅದು ತನ್ನ ಲೆಕ್ಕಕ್ಕಿಂತ ಜಾಸ್ತಿ ನೀರು ತಳ್ಳುತ್ತೆ, ಆಂಪ್ ಏರುತ್ತೆ, ಶಾಫ್ಟಿನ ಮೇಲೆ-ಕೆಳಗಿನ ತಳ್ಳಾಟ ತಡೆಯೋ ಥ್ರಸ್ಟ್ ಬೇರಿಂಗ್ ಹೋಗುತ್ತೆ.

ಹತ್ತು ಎಕರೆ ಮಾವಿನ ತೋಟದಲ್ಲಿ ಪಂಪಿಗಿಂತ ಪೈಪನ್ನೇ ಅನುಮಾನಿಸಿ. ಸೆಕೆಂಡಿಗೆ 2 ಲೀಟರ್ ಹರಿಯುವಾಗ 50 ಎಂಎಂ ಪೈಪ್ 300 ಮೀಟರಿಗೆ ಸುಮಾರು 10 ಮೀಟರ್ ಒತ್ತಡ ತಿನ್ನುತ್ತೆ, 63 ಎಂಎಂ ಆದರೆ ಮೂರು ಮೀಟರ್ ಅಷ್ಟೇ. ಫಿಲ್ಟರಿನ ಎರಡೂ ಬದಿಗೆ ಗೇಜ್ ಹಾಕಿ, ವ್ಯತ್ಯಾಸ 0.5 ಕೆಜಿ ದಾಟಿದ ದಿನವೇ ತೊಳೆಯಿರಿ. ಇಷ್ಟು ದೊಡ್ಡ ತೋಟದಲ್ಲಿ ಉಳುಮೆಯ ಡೀಸೆಲ್ಲನ್ನೂ ಲೆಕ್ಕಕ್ಕೆ ಸೇರಿಸಿ, ಒಂದು ಲೀಟರಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ.