ಶ್ರದ್ಧಾಂಜಲಿ ಸಭೆ ಇಡುವವರು ಮೊದಲು ಹೆಸರಿನ ಪಟ್ಟಿ ಹಿಡಿಯಿರಿ

ದೇಶದಲ್ಲಿ ಎಲ್ಲೇ ದೊಡ್ಡ ದುರಂತವಾಗಲಿ, ದಾವಣಗೆರೆಯ ಜಯದೇವ ವೃತ್ತದಲ್ಲಿ ಮೇಣದಬತ್ತಿ ಹಿಡಿದು ಜನ ಸೇರುತ್ತಾರೆ. ಸಂಘಟಕರ ಓಡಾಟವೆಲ್ಲ ಮೈಕು, ಶಾಮಿಯಾನ, ಯಾರನ್ನು ವೇದಿಕೆಗೆ ಕರೆಯಬೇಕು ಅನ್ನುವುದರಲ್ಲೇ ಕಳೆಯುತ್ತದೆ. ತೀರಿಕೊಂಡವರ ಹೆಸರು ಕೊನೇ ಗಳಿಗೆಯಲ್ಲಿ ವಾಟ್ಸಾಪ್‌ನಿಂದ ಇಳಿಯುತ್ತದೆ. ಇದು ತಿರುಗುಮುರುಗು ಕೆಲಸ.

ಅಧಿಕೃತ ಪಟ್ಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನೇ ನೋಡಿ ಕನ್ನಡಕ್ಕೆ ಇಳಿಸಿದರೆ ರಾಠೋಡರು ರಾಥೋಡರಾಗುತ್ತಾರೆ. ಉತ್ತರದವರ ಹೆಸರುಗಳನ್ನು ಹಿಂದಿ ಅಥವಾ ಮರಾಠಿ ಪತ್ರಿಕೆಯೊಂದಿಗೆ ತಾಳೆ ನೋಡಿ. ಠ, ಥ, ಡ, ದ ಅಲ್ಲಿ ಬೇರೆಬೇರೆಯಾಗೇ ಇರುತ್ತವೆ. ಎರಡನೇ ಅಪಾಯ ಪ್ರಿಂಟಿಂಗ್ ಅಂಗಡಿಯದ್ದು. ನೀವು ಮೊಬೈಲ್‌ನಲ್ಲಿ ಟೈಪಿಸಿದ್ದು ಯೂನಿಕೋಡ್, ಅಲ್ಲಿ ಇರುವುದು ಬಹಳ ಸಲ ‘ನುಡಿ’ ತಂತ್ರಾಂಶದ ಹಳೇ ಫಾಂಟು. ಪರಿವರ್ತಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಕಂಪ್ಯೂಟರ್ ಪರದೆ ನೋಡಿ ‘ಸರಿ ಇದೆ, ಹೊಡೀರಿ’ ಅನ್ನಬೇಡಿ. ಎ4 ಹಾಳೆಯಲ್ಲಿ ಪ್ರೂಫ್ ತೆಗೆಸಿ, ಒಬ್ಬರು ಓದಿ ಇನ್ನೊಬ್ಬರು ಗುರುತು ಹಾಕಬೇಕು. ಬ್ಯಾನರ್ ಬಟ್ಟೆಯದ್ದೇ ಇರಲಿ, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಸಂಘಟಕರ ಫೋಟೊ ಅದರಲ್ಲಿ ಬೇಡವೇ ಬೇಡ.

ಅಪಘಾತವಾದರೆ ಮೊದಲ ವಾರ ಸಂಖ್ಯೆಯನ್ನು ಅಚ್ಚು ಹಾಕಿಸಬೇಡಿ. 2023ರ ಬಾಲಸೋರ್ ರೈಲು ದುರಂತದಲ್ಲಿ ಮೊದಲು 288 ಎಂದರು, ಕೆಲವು ಶವಗಳ ಎಣಿಕೆ ಎರಡು ಸಲ ಆಗಿದೆ ಎಂದು 275ಕ್ಕೆ ಇಳಿಸಿದರು, ಮತ್ತೆ 288ಕ್ಕೇ ಬಂದರು. ಸಂಖ್ಯೆ ಗಟ್ಟಿಯಾದ ಮೇಲೂ ಒಕ್ಕಣೆ ನೋಡಿಕೊಳ್ಳಿ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ ಸತ್ತ 26 ಮಂದಿಯಲ್ಲಿ ಒಬ್ಬರು ನೇಪಾಳದವರು. ‘26 ಭಾರತೀಯರು’ ಎಂದು ಬರೆದರೆ ತಪ್ಪು.

ಭಾಷಣ ಎರಡೇ ಸಾಕು, ಒಂದಾದರೂ ನಡೆಯುತ್ತದೆ. ಹೆಸರು, ಊರು ಎರಡನ್ನೂ ಒಬ್ಬೊಬ್ಬರಿಗೆ ಆರೇಳು ಸೆಕೆಂಡಿನಂತೆ ಓದಿದರೆ 26 ಹೆಸರಿಗೆ ಮೂರು ನಿಮಿಷ ಹಿಡಿಯುತ್ತದೆ. ಅಕ್ಷರಮಾಲೆಯ ಪ್ರಕಾರ ಓದಿ. ಹುದ್ದೆ, ಜಾತಿ, ರಾಜ್ಯ ನೋಡಿ ಹಿಂದುಮುಂದು ಮಾಡಬೇಡಿ. ಆಮೇಲೆ ಎರಡು ನಿಮಿಷ ಮೌನ. ಅಂದಾಜಿನಲ್ಲಿ ನಿಂತರೆ ನಲವತ್ತು ಸೆಕೆಂಡಿಗೇ ಯಾರೋ ‘ಜೈ’ ಅಂದುಬಿಡುತ್ತಾರೆ. ಸ್ಟಾಪ್‌ವಾಚ್ ಹಿಡಿದವರು ಕೈ ಎತ್ತುವವರೆಗೂ ಯಾರೂ ಅಲುಗಬಾರದು ಎಂದು ಮೊದಲೇ ಹೇಳಿ. ಮೈಕ್ ಆಫ್ ಮಾಡಿಸಿ, ಜನರೇಟರ್ ಇದ್ದರೆ ದೂರದಲ್ಲಿ ನಿಲ್ಲಿಸಿ. ವೃತ್ತದಲ್ಲಿ ಬಸ್ಸಿನ ಹಾರನ್ ತಪ್ಪಿಸಲಾಗದು, ಆ ಲೆಕ್ಕಕ್ಕೆ ಹೈಸ್ಕೂಲ್ ಮೈದಾನವೇ ಮೇಲು.

ಮೇಣದಬತ್ತಿಯ ವೈರಿ ಗಾಳಿ. ಚಿತ್ರದುರ್ಗದಲ್ಲಂತೂ ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಿಮ್ಮ ಬತ್ತಿಯನ್ನೂ ಆರಿಸುತ್ತದೆ. 300 ಜನ ಬರುವುದಾದರೆ 350 ಬತ್ತಿ, 350 ದೊಡ್ಡ ಪೇಪರ್ ಕಪ್ ತನ್ನಿ. ಕಪ್ಪಿನ ತಳಕ್ಕೆ ಬ್ಲೇಡಿನಿಂದ ಅಡ್ಡ-ಉದ್ದ ಎರಡು ಗೀರು ಹಾಕಿ, ಕೆಳಗಿನಿಂದ ಬತ್ತಿ ತೂರಿಸಿ. ಜ್ವಾಲೆ ಕಪ್ಪಿನ ಅಂಚಿಗಿಂತ ಸ್ವಲ್ಪ ಮೇಲಿರಬೇಕು. ಪೂರ್ತಿ ಒಳಗೆ ಇಳಿಸಿದರೆ ಕಪ್ಪೇ ಹೊತ್ತಿಕೊಳ್ಳುತ್ತದೆ. ಹೀಗೆ ಮಾಡಿದರೆ ಕರಗಿದ ಮೇಣ ಕೈಗೆ ಬೀಳದೆ ಕಪ್ಪಿನಲ್ಲೇ ನಿಲ್ಲುತ್ತದೆ. ಒಬ್ಬರಿಂದ ಒಬ್ಬರು ಹಚ್ಚಿಕೊಳ್ಳುವಾಗ ಉರಿಯುವುದು ನೇರ ಇರಲಿ, ಉರಿಯದ್ದು ಬಾಗಲಿ. ಉಲ್ಟಾ ಮಾಡಿದವರ ಮುಂಗೈ ಸುಡುತ್ತದೆ. ಮಕ್ಕಳಿಗೆ ಹೂವು ಕೊಡಿ. ಬಿಡಿ ಸೇವಂತಿಗೆ ಒಂದು ಕೆ.ಜಿ. ಸುಮಾರು ನಲವತ್ತು ಜನರ ಹಿಡಿಗೆ ಬರುತ್ತದೆ.

ರಾಷ್ಟ್ರಧ್ವಜವನ್ನು ಫೋಟೊ ಇಟ್ಟ ಮೇಜಿಗೆ ಹೊದಿಸುವುದು ಧ್ವಜ ಸಂಹಿತೆಗೆ ವಿರುದ್ಧ. ಅರ್ಧಕ್ಕೆ ಇಳಿಸುವುದು ಸರ್ಕಾರದ ಆದೇಶವಿದ್ದಾಗ ಮಾತ್ರ. ರಾಷ್ಟ್ರಗೀತೆಗೆ 52 ಸೆಕೆಂಡು. ಮೌನ ಮುಗಿದು ಅರೆಗಳಿಗೆ ಬಿಟ್ಟು ಹಾಡಿ.

ಅನುಮತಿಗೆ ಆ ವ್ಯಾಪ್ತಿಯ ಪೊಲೀಸ್ ಠಾಣೆಗೆ ಲಿಖಿತ ಅರ್ಜಿ ಕೊಡಿ. ಜಾಗ, ವೇಳೆ, ಅಂದಾಜು ಜನ, ಧ್ವನಿವರ್ಧಕ ಎಲ್ಲವನ್ನೂ ಕಾಣಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೈದಾನ ಯಾರ ಸುಪರ್ದಿಯಲ್ಲಿದೆಯೋ ಅವರ ಒಪ್ಪಿಗೆ ಬೇರೆ.

ಮುಗಿದ ಮೇಲೆ ಹತ್ತು ಜನ ಉಳಿಯಲೇಬೇಕು. ಕಟ್ಟೆಗೆ ಬಿದ್ದ ಮೇಣವನ್ನು ಬಿಸಿಯಲ್ಲೇ ಒರೆಸಿದರೆ ಕಲ್ಲಿಗೆ ಇಳಿಯುತ್ತದೆ. ಆರಲು ಬಿಟ್ಟು ಸ್ಟೀಲ್ ಸ್ಕೇಲಿನಿಂದ ಕೆರೆದು, ಆಮೇಲೆ ಬಿಸಿನೀರು ಹಾಕಿ. ಹೆಸರಿರುವ ಬ್ಯಾನರ್ ಕಂಬದಲ್ಲೇ ಬಿಟ್ಟು ಹೋಗಬೇಡಿ, ಬಿಚ್ಚಿ ಮಡಚಿ ಒಯ್ಯಿರಿ.